ಸ್ಕೀಮಾ ಥೆರಪಿ: ಬಾಲ್ಯದ ನೆನಪುಗಳಿಗೆ ಮರಳುವುದರಿಂದ ತಂಗಿಗೆ ಪ್ರಯೋಜನವಿದೆಯೇ?

ಪ್ರಶ್ನೆ:
ನನ್ನ ತಂಗಿಗೆ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವಿದೆಯೆಂದು ಮನೋವೈದ್ಯರು ಹೇಳಿದ್ದಾರೆ. ಆಪ್ತರು ಫೋನ್ ಎತ್ತದಿದ್ದರೆ ಸಾಕು, ತನ್ನನ್ನು ಕೈಬಿಟ್ಟರೆಂದು ಕುಸಿಯುತ್ತಾಳೆ. ಮರುಗಳಿಗೆಯಲ್ಲಿ ಅವರ ಮೇಲೆಯೇ ಸಿಡಿಯುತ್ತಾಳೆ. ಈಗ ಸ್ಕೀಮಾ ಥೆರಪಿಯನ್ನು ಸೂಚಿಸಿದ್ದಾರೆ. ಹಳೆಯ ಗಾಯವನ್ನು ಕೆದಕಿದರೆ ನೋವು ಹೆಚ್ಚುವುದಿಲ್ಲವೇ? ಅವಳು ಚಿಕಿತ್ಸಕಿಯನ್ನೇ ಪೂರ್ತಿ ಅವಲಂಬಿಸಿಬಿಟ್ಟರೆ ಎಂಬ ಆತಂಕ ನಮ್ಮ ತಾಯಿಗಿದೆ.

ಉತ್ತರ 1:
ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನಿಮ್ಮ ತಾಯಿಯವರು ಕೇಳಿರುವುದು ಈ ಚಿಕಿತ್ಸೆಯ ತಿರುಳಿಗೇ ಸಂಬಂಧಿಸಿದ ಪ್ರಶ್ನೆ. ಯೋಚಿಸುವ ರೀತಿಯನ್ನು ತಿದ್ದುವ ಸಾಮಾನ್ಯ ಕಾಗ್ನಿಟಿವ್ ಥೆರಪಿಯಿಂದ ಸಾಕಷ್ಟು ಗುಣ ಕಾಣದವರಿಗಾಗಿ ಅಮೆರಿಕದ ಜೆಫ್ರಿ ಯಂಗ್ ಇದನ್ನು ರೂಪಿಸಿದರು. ‘ಎಲ್ಲರೂ ನನ್ನನ್ನು ಬಿಟ್ಟುಹೋಗುತ್ತಾರೆ’ ಎಂಬ ನಂಬಿಕೆ ಅವರು ಗುರುತಿಸಿದ 18 ಸ್ಕೀಮಾಗಳಲ್ಲಿ, ಅಂದರೆ ಚಿಕ್ಕಂದಿನಿಂದ ಮನಸ್ಸಿನಲ್ಲಿ ಊರಿಕೊಂಡ ನಂಬಿಕೆಯ ಅಚ್ಚುಗಳಲ್ಲಿ, ಒಂದು. ಅದು ಬಾಲ್ಯದ ಅನುಭವದಲ್ಲಿ ಬೇರೂರಿರುವುದರಿಂದ, ತಪ್ಪೆಂದು ಬುದ್ಧಿಗೆ ಗೊತ್ತಿದ್ದರೂ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ನಿಮ್ಮ ತಂಗಿ ಕಣ್ಣುಮುಚ್ಚಿ ಬಾಲ್ಯದ ನೋವಿನ ದೃಶ್ಯವೊಂದನ್ನು ಕಲ್ಪಿಸಿಕೊಂಡಾಗ ಚಿಕಿತ್ಸಕಿ ಆ ಕಲ್ಪನೆಯೊಳಗೆ ಬಂದು, ಮಗುವಿನ ಪರವಾಗಿ ನಿಂತು, ನೋಯಿಸುವವರನ್ನು ತಡೆದು, ಅಂದು ಸಿಗದ ಸಾಂತ್ವನವನ್ನು ನೀಡುತ್ತಾರೆ. ಆರಂಭದ ಅವಲಂಬನೆಯನ್ನು ವೃತ್ತಿಯ ಮಿತಿಯೊಳಗೆ ನಾವು ಬೇಕೆಂದೇ ಒಪ್ಪಿಕೊಳ್ಳುತ್ತೇವೆ. ಕ್ರಮೇಣ ಆ ಆರೈಕೆಯ ಹೊಣೆಯನ್ನು ಅವಳೊಳಗಿನ ಪ್ರಬುದ್ಧ ಮನಸ್ಸೇ ವಹಿಸಿಕೊಳ್ಳಬೇಕು. ಪ್ರತಿ ಸೆಷನ್ನಿನಲ್ಲೂ ನೆನಪುಗಳಿಗೆ ಇಳಿಯುವುದಿಲ್ಲ, ಮೊದಲು ವಿಶ್ವಾಸ ಬೆಳೆಯಬೇಕು.

ಉತ್ತರ 2:
ಬಾರ್ಡರ್‌ಲೈನ್ ಕುರಿತೇ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ವಾರಕ್ಕೆ 2 ಬಾರಿಯಂತೆ 3 ವರ್ಷ ನಡೆದ ಚಿಕಿತ್ಸೆಯಲ್ಲಿ, ಮನೋವಿಶ್ಲೇಷಣೆಯ ಜಾಡಿನ ಇನ್ನೊಂದು ಪದ್ಧತಿಗಿಂತ ಸ್ಕೀಮಾ ಥೆರಪಿಯಲ್ಲಿ ಚೇತರಿಸಿಕೊಂಡವರು ಹೆಚ್ಚಿದ್ದರು, ನಡುವೆಯೇ ಬಿಟ್ಟುಹೋದವರು ಕಡಿಮೆಯಿದ್ದರು. ಈ ಎರಡನೆಯದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಸಂಬಂಧಗಳು ಮುರಿದುಬೀಳುವುದೇ ಈ ಕಾಯಿಲೆಯ ಸಂಕಟ. ಆದರೂ ಎಲ್ಲರೂ ಚೇತರಿಸಿಕೊಳ್ಳಲಿಲ್ಲ. ಅವಧಿ ಮತ್ತು ವೆಚ್ಚದ ಬಗ್ಗೆ, ಚಿಕಿತ್ಸಕಿ ಪಡೆದ ತರಬೇತಿಯ ಬಗ್ಗೆ ಮೊದಲೇ ಸ್ಪಷ್ಟವಾಗಿ ಕೇಳಿರಿ.

ಉತ್ತರ 3:
ನಾನು ಇದೇ ಚಿಕಿತ್ಸೆಯಲ್ಲಿದ್ದೇನೆ. ಮೊದಮೊದಲು ಏನು ಕೇಳಿದರೂ ‘ಏನೂ ಅನ್ನಿಸುತ್ತಿಲ್ಲ’ ಎನ್ನುತ್ತಿದ್ದೆ. ಚಿಕಿತ್ಸಕರು ಅದನ್ನು ಅಸಹಕಾರವೆಂದು ಎಣಿಸದೆ, ನೋವು ತಟ್ಟದಂತೆ ಚಿಕ್ಕಂದಿನಿಂದ ನನ್ನನ್ನು ಕಾಯ್ದ, ನನ್ನ ಮನಸ್ಸಿನೊಳಗಿನದೇ ರಕ್ಷಕನೆಂದು ವಿವರಿಸಿದರು. ಬೇರೆ ಕುರ್ಚಿಯಲ್ಲಿ ಕೂರಿಸಿ ಆ ರಕ್ಷಕನಾಗಿ ನನ್ನಿಂದ ಮಾತನಾಡಿಸಿದರು. ಅದಾದ ಮೇಲೆಯೇ ನನಗೆ ಅಳು ಬಂದದ್ದು. ನಿಮ್ಮ ತಂಗಿ ಸೆಷನ್ ಮುಗಿಸಿ ಮೌನವಾಗಿ ಮನೆಗೆ ಬಂದರೆ ಏನಾಯಿತೆಂದು ಒತ್ತಾಯಿಸಬೇಡಿ. ಆದರೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತು ಬಂದರೆ ಮುಂದಿನ ಸೆಷನ್ನಿಗೆ ಕಾಯದೆ ವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.