ವೈರಸ್ ಹೊಕ್ಕಿದ್ದು ಜೀವಕೋಶಕ್ಕೆ ತಿಳಿಯುವುದು ಹೇಗೆ? ಪುಣೆ-ಮುಂಬಯಿ ಕನ್ನಡಿಗರ ಗುಂಪಿನ ಪ್ರಶ್ನೋತ್ತರ

ಡೊಂಬಿವಲಿಯ ಸದಸ್ಯರು: ಮೇಡಂ, ಪ್ರತಿಕಾಯಗಳು ತಯಾರಾಗಲು ವಾರವಾದರೂ ಬೇಕೆಂದು ಹಿಂದೆ ಬರೆದಿದ್ದಿರಿ. ಹಾಗಿದ್ದರೆ ಮೊದಲ ದಿನವೇ ಜ್ವರ, ಮೈಕೈ ನೋವು ಏಕೆ ಬರುತ್ತವೆ?

ಡಾಕ್ಟರ್: ಪ್ರತಿಕಾಯಗಳಿಗಿಂತ ಮೊದಲೇ ಕೆಲಸಕ್ಕಿಳಿಯುವ, ಹುಟ್ಟಿನಿಂದಲೇ ಬಂದ ಗ್ರಾಹಕಗಳು (ರಿಸೆಪ್ಟರ್, ಅಂದರೆ ಹೊರಗಿನದನ್ನು ಹಿಡಿದು ಗುರುತಿಸುವ ಪ್ರೋಟೀನುಗಳು) ಜೀವಕೋಶಗಳಲ್ಲಿವೆ. ಅವು ಇಂಥದೇ ವೈರಸ್ ಎಂದು ಹೆಸರು ಹಿಡಿದು ಗುರುತಿಸುವುದಿಲ್ಲ. ನಮ್ಮದಲ್ಲದ ಲಕ್ಷಣವನ್ನು ಹಿಡಿಯುತ್ತವೆ. ಜೀನಿನ ಸೂಚನೆಯನ್ನು ಹೊತ್ತೊಯ್ಯುವ ನಮ್ಮ ಸಂದೇಶವಾಹಕ ಆರ್‌ಎನ್‌ಎಯ ತುದಿಗೆ ಒಂದು ರಾಸಾಯನಿಕ ಟೊಪ್ಪಿಗೆ ಇರುತ್ತದೆ. ಫ್ಲೂ ವೈರಸ್ಸಿನ ಆರ್‌ಎನ್‌ಎ ತುದಿಯಲ್ಲಿ ಮೂರು ಫಾಸ್ಫೇಟುಗಳು ಮುಚ್ಚಿಗೆಯಿಲ್ಲದೆ ಉಳಿದಿರುತ್ತವೆ. ರಿಗ್-ಐ ಎಂಬ ಗ್ರಾಹಕವು ಅದನ್ನು ಹಿಡಿದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸಿದರೆ, ಕೆಲವೇ ಗಂಟೆಗಳಲ್ಲಿ ಇಂಟರ್‌ಫೆರಾನ್ ಎಂಬ ಪ್ರೋಟೀನು ಹೊರಬಂದು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಆ ಮೈಕೈ ನೋವಿನಲ್ಲಿ ಬಹುಪಾಲು ಈ ಎಚ್ಚರಿಕೆಯದೇ.

ಮಾಟುಂಗದ ಹಿರಿಯರು: ಅಮೃತಬಳ್ಳಿಯ ಕಷಾಯವನ್ನು ದಿನವೂ ಕುಡಿದರೆ ಈ ಗ್ರಾಹಕಗಳು ಚುರುಕಾಗುತ್ತವೆ ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ.

ಡಾಕ್ಟರ್: ದಯವಿಟ್ಟು ಹಾಕಬೇಡಿ. 2020ರ ಕೊನೆಯಲ್ಲಿ ನಿಮ್ಮ ಮುಂಬಯಿಯಲ್ಲೇ ಅಮೃತಬಳ್ಳಿ ಸೇವಿಸಿದ ಆರು ಜನರಿಗೆ ಯಕೃತ್ತಿಗೆ ಹಾನಿಯಾದದ್ದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ.

ಪಿಂಪ್ರಿಯ ಒಬ್ಬ ತಾಯಿ: ಮೇಡಂ, ನನ್ನ ಮಗನಿಗೆ ಮೂರು ವರ್ಷ. ಹದಿನಾಲ್ಕು ತಿಂಗಳಿದ್ದಾಗ ಹರ್ಪಿಸ್ ವೈರಸ್ಸಿನಿಂದ ಮಿದುಳು ಜ್ವರ ಬಂದು ಗುಣವಾಗಿತ್ತು. ಇಮ್ಯುನಿಟಿಯ ರಕ್ತಪರೀಕ್ಷೆಗಳೆಲ್ಲ ಸರಿಯಿವೆ ಎಂದಿದ್ದರು. ಇವತ್ತು ಬೆಳಗ್ಗಿನಿಂದ ಜ್ವರ, ಮಂಪರು. ನಾಳೆ ಓಪಿಡಿಗೆ ಕರೆದುಕೊಂಡು ಹೋಗಬಹುದೇ?

ಡಾಕ್ಟರ್: ನಾಳೆಯಲ್ಲ, ಈಗಲೇ ಹೊರಡಿ, ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ. ಹಿಂದಿನ ಡಿಸ್ಚಾರ್ಜ್ ಕಾಗದಗಳನ್ನು ತೆಗೆದುಕೊಳ್ಳಿ. ನಾನು ಈಗ ಬರೆಯುವುದನ್ನು ಅಲ್ಲಿನ ವೈದ್ಯರಿಗೆ ತೋರಿಸಿ.

ಡಾಕ್ಟರ್ (ಮುಂದುವರಿಕೆ): ಹರ್ಪಿಸ್ ಡಿಎನ್‌ಎ ವೈರಸ್ಸಾದರೂ ಕೋಶದೊಳಗೆ ಬೆಳೆಯುವಾಗ ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತದೆ, ಅದನ್ನು ಹಿಡಿಯುವುದು ಇನ್ನೊಂದು ಗ್ರಾಹಕವಾದ ಟಿಎಲ್‌ಆರ್ 3. ಇಂಥ ಮಿದುಳು ಜ್ವರ ಬಂದ ಕೆಲವೇ ಮಕ್ಕಳಲ್ಲಿ ಈ ಹಾದಿಯ ಜೀನುಗಳಲ್ಲಿ ದೋಷವಿರುವುದು 2006 ಮತ್ತು 2007ರಲ್ಲಿ ಗೊತ್ತಾಯಿತು. ದೋಷದ ಪರಿಣಾಮ ಮುಖ್ಯವಾಗಿ ಮಿದುಳಿನ ಕೋಶಗಳಲ್ಲಿ ಕಾಣಿಸುವುದರಿಂದ ಮಗು ಬೇರೆ ಸೋಂಕುಗಳನ್ನು ಎಲ್ಲರಂತೆ ಎದುರಿಸುತ್ತದೆ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ನಿಮ್ಮ ಮಗನಿಗೆ ಇದೇ ಇದೆ ಎಂದು ಇಲ್ಲಿ ಕುಳಿತು ಹೇಳಲಾರೆ. ಆದರೆ ಕಾಯಿಲೆ ಮರುಕಳಿಸುವ ಸಾಧ್ಯತೆಯಿರುವಾಗ, ಬೆನ್ನುಹುರಿಯ ದ್ರವದ ವರದಿಗೆ ಕಾಯದೆ ಹರ್ಪಿಸ್ ವೈರಸ್ಸನ್ನು ತಡೆಯುವ ಔಷಧವಾದ ಅಸೈಕ್ಲೊವಿರ್ ಆರಂಭಿಸುವುದೇ ಸರಿ. ತಡವಾದಷ್ಟೂ ಮಿದುಳಿಗೆ ಹಾನಿ ಹೆಚ್ಚು. ನಿಮ್ಮದು ರಕ್ತಸಂಬಂಧದಲ್ಲಿ ಆದ ಮದುವೆಯೇ ಎಂಬುದನ್ನೂ ಅವರಿಗೆ ತಿಳಿಸಿ.

ಮಡಗಾಂವ್‌ನ ಸದಸ್ಯೆ: ಬಾವಲಿಗಳು ಇಷ್ಟು ವೈರಸ್ ಹೊತ್ತರೂ ಕಾಯಿಲೆ ಬೀಳುವುದಿಲ್ಲವಂತೆ. ಅವುಗಳ ಗ್ರಾಹಕಗಳೇ ಬೇರೆಯೇ?

ಮಾಟುಂಗದ ಹಿರಿಯರು: ಆ ಆರು ಜನ ಸೇವಿಸಿದ್ದು ಅಮೃತಬಳ್ಳಿಯನ್ನು ಹೋಲುವ ಬೇರೆ ಬಳ್ಳಿಯಾಗಿರಬಹುದು ಎಂದು ಆಯುಷ್ ಸಚಿವಾಲಯವೇ ಹೇಳಿತ್ತು. ನಮ್ಮ ಅಜ್ಜಿ ತೊಂಬತ್ತು ವರ್ಷ ಬದುಕಿದ್ದು ಇದೇ ಕಷಾಯದಿಂದ.

ಡೊಂಬಿವಲಿಯ ಸದಸ್ಯರು: ರಾಯರೇ, ಮೇಲೆ ಒಂದು ಮಗು ಅಪಾಯದಲ್ಲಿದೆ. ನಿಮ್ಮ ಅಜ್ಜಿಯ ವಿಷಯ ಈಗ ಬೇಕೇ?

ಮಾಟುಂಗದ ಹಿರಿಯರು: ವಯಸ್ಸಿಗೆ ಮರ್ಯಾದೆ ಕೊಡುವುದನ್ನು ಮೊದಲು ಕಲಿಯಿರಿ.

ಡಾಕ್ಟರ್: ಆ ಆಕ್ಷೇಪಕ್ಕೂ ಉತ್ತರ ಬಂದಿದೆ. ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಕಲೆಹಾಕಿದ ವರದಿ 2022ರಲ್ಲಿ ಪ್ರಕಟವಾಯಿತು. ರೋಗಿಗಳಿಂದ ಪಡೆದ ಮಾದರಿಗಳನ್ನು ಪರೀಕ್ಷಿಸಿದಾಗ ಅವು ಅಮೃತಬಳ್ಳಿಯೇ ಆಗಿದ್ದವು. ನೀವು ಬಯಸಿದರೆ ಕುಡಿಯಿರಿ. ಮೂರು ವರ್ಷದ ಮಗುವಿನ ತಾಯಿ ಓದುವ ಜಾಗದಲ್ಲಿ ಅದನ್ನು ಔಷಧವೆಂದು ಬರೆಯಬೇಡಿ. ಪಿಂಪ್ರಿಯ ಅಮ್ಮ, ಹೊರಟಿರಾ?

ವಾಶಿಯ ಸದಸ್ಯರು: ಇಂಟರ್‌ಫೆರಾನ್ ಹೆಚ್ಚಿಸುವ ಮಾತ್ರೆ ಯಾವುದಾದರೂ ಇದೆಯೇ? ವಿಟಮಿನ್ ಸಿ ಸಾಕೇ?

ಡಾಕ್ಟರ್: ಆರೋಗ್ಯವಂತರಿಗೆ ಹೆಚ್ಚಿಸುವ ಅಗತ್ಯವಿಲ್ಲ. ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ಎರಗುವ ಲೂಪಸ್ ಕಾಯಿಲೆಯ ರೋಗಿಗಳಲ್ಲಿ ಅನೇಕರಿಗೆ ಇಂಟರ್‌ಫೆರಾನ್ ಚಟುವಟಿಕೆ ವಿಪರೀತವಾಗಿರುವುದೇ ತೊಂದರೆ.

ಕಲ್ಯಾಣದ ಸದಸ್ಯೆ: ಮೇಡಂ, ಇಮ್ಯುನಿಟಿಗೆ ಯಾವ ಮಾತ್ರೆ ಒಳ್ಳೆಯದು?

ಡಾಕ್ಟರ್: ಮೇಲೆ ಓದಿ.

ಪಿಂಪ್ರಿಯ ತಾಯಿ: ಮೇಡಂ, ಆಸ್ಪತ್ರೆಯಲ್ಲಿದ್ದೇವೆ. ದಾರಿಯಲ್ಲಿ ಬಲಗೈ ಸೆಳೆತ ಬಂತು. ನಿಮ್ಮ ಬರಹ ತೋರಿಸಿದೆವು, ಅಸೈಕ್ಲೊವಿರ್ ಶುರು ಮಾಡಿದ್ದಾರೆ. ನನ್ನ ಮದುವೆ ಸೋದರಮಾವನ ಜೊತೆಗೇ ಆದದ್ದು. ಐದು ತಿಂಗಳ ಮಗಳೂ ಇದ್ದಾಳೆ.

ಡಾಕ್ಟರ್: ಒಳ್ಳೆಯ ಕೆಲಸ ಮಾಡಿದಿರಿ. ಈ ದೋಷಗಳಲ್ಲಿ ಕೆಲವು ಬಗೆಯವು ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಅಂಥದಾಗಿದ್ದರೆ ಮಗಳಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆಯಿದೆ. ಮಗ ಚೇತರಿಸಿಕೊಂಡ ಮೇಲೆ ಇಬ್ಬರ ಜೀನ್ ಪರೀಕ್ಷೆಯನ್ನೂ ಮಾಡಿಸೋಣ. ಅಲ್ಲಿಯವರೆಗೆ ತುಟಿಯಲ್ಲಿ ಜ್ವರದ ಗುಳ್ಳೆ (ಅದೂ ಹರ್ಪಿಸ್ ವೈರಸ್ಸಿನಿಂದಲೇ ಬರುತ್ತದೆ) ಇರುವ ಯಾರೂ ಮಗಳಿಗೆ ಮುತ್ತು ಕೊಡದಂತೆ ನೋಡಿಕೊಳ್ಳಿ. ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ.