ಅಪ್‌ಡೇಟ್: ಬಳ್ಳಾರಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು, ನಾಲ್ಕು ವರ್ಷದ ಲೆಕ್ಕ

2012ರ ಪೆಟ್ರೋಲ್ ಕಾರು 2.4 ಲಕ್ಷಕ್ಕೆ ಸಿಗುತ್ತಿದೆ, ತಗೊಳ್ಳಲಾ ಅಂತ 2021ರಲ್ಲಿ ಕೇಳಿದ್ದೆ. ತಗೊಂಡೆ. ಅವತ್ತು ಸಮಯ ಕೊಟ್ಟು ಉತ್ತರಿಸಿದವರಿಗೆ ಲೆಕ್ಕ ಒಪ್ಪಿಸಬೇಕು ಅನ್ನಿಸಿತು.

ಪೆಟ್ರೋಲ್ ಬಿಟ್ಟು ನಾಲ್ಕು ವರ್ಷದಲ್ಲಿ ಸುಮಾರು 1.3 ಲಕ್ಷ ಹೋಗಿದೆ. ಇನ್ಶೂರೆನ್ಸ್, ಸರ್ವಿಸ್, ಬ್ಯಾಟರಿ, ಕ್ಲಚ್ ಎಲ್ಲ ಸೇರಿ. ಈಗ ಮಾರಿದರೆ ಒಂದೂವರೆ ಲಕ್ಷ ಬರಬಹುದು. ಅಂದರೆ ಕಾರಿನ ಬೆಲೆಯಲ್ಲಿ ಇಳಿದ 90 ಸಾವಿರವನ್ನೂ ಸೇರಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 4,600 ರೂಪಾಯಿ.

ದೊಡ್ಡ ಖರ್ಚು ಟೈರಿನದು. ನೋಡೋಕೆ ಗ್ರಿಪ್ ಚೆನ್ನಾಗೇ ಇತ್ತು. ಆದರೆ ಟೈರಿನ ಪಕ್ಕದಲ್ಲಿ 1814 ಅಂತ ಅಚ್ಚಾಗಿತ್ತು, ಅಂದರೆ 2014ರ 18ನೇ ವಾರ ತಯಾರಾದದ್ದು. ಬೆರಳಿಂದ ಒತ್ತಿದರೆ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತಿದ್ದವು. ನಮ್ಮ ಬಿಸಿಲು ಸುಮ್ನೆ ಬಿಡುತ್ತಾ? ನಾಲ್ಕನ್ನೂ ಬದಲಾಯಿಸಿದೆ. ಕಾರು ನೋಡೋಕೆ ಹೋದಾಗ ಆ ನಾಲ್ಕು ಅಂಕಿ ದಯವಿಟ್ಟು ಓದಿ.

ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಾಡುವವರು ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರನ್ನು ಕಾರಿನ ಪುಸ್ತಕದಲ್ಲಿ ಬರೆದದ್ದಕ್ಕಿಂತ ಬೇಗ ಬಿಚ್ಚಿ ನೋಡಬೇಕು. ನನ್ನದರಲ್ಲಿ ಮಡಿಕೆ ಮಡಿಕೆಗೂ ಕೆಂಪು ಧೂಳು. ಫಿಲ್ಟರಿಗೆ ಕೆಲವು ನೂರು ರೂಪಾಯಿ ಅಷ್ಟೇ, ಎಂಜಿನ್ ಹಾಗಲ್ವಲ್ಲ.

2027ಕ್ಕೆ 15 ವರ್ಷ ತುಂಬುತ್ತೆ. ಆರ್‌ಸಿ ರಿನ್ಯೂ ಮಾಡಿಸಬೇಕು, ಹಳೆ ಗಾಡಿಗಳಿಗೆ ಹಾಕುವ ಹಸಿರು ತೆರಿಗೆಯೂ ಇದೆ. ಅದಕ್ಕೆ ಈಗಿಂದಲೇ ದುಡ್ಡು ಎತ್ತಿಡುತ್ತಿದ್ದೇನೆ. ಕಾರು ಮಾತ್ರ ಸದ್ಯಕ್ಕೆ ಮಾರಲ್ಲ.