‘ಅಣಕು ರೋಗಿ’ ಅನ್ನಬಹುದೇ? ಸಿಮ್ಯುಲೇಷನ್‌ಗೆ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ನರ್ಸಿಂಗ್ ಪಾಠ ಹೇಳುವವಳು. ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ, ಸಾವಿನ ಹತ್ತಿರ ಇರುವವರ ನೋವು ಕಡಿಮೆ ಮಾಡುವ ಉಪಶಾಮಕ ಆರೈಕೆಯ ಸಿಮ್ಯುಲೇಷನ್ ತರಬೇತಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ನಿಜವಾದ ರೋಗಿಯ ಬದಲು ಬೊಂಬೆ, ಪಾತ್ರಧಾರಿಗಳನ್ನು ಇಟ್ಟುಕೊಂಡು ಕಲಿಯುವ ಈ ‘ಸಿಮ್ಯುಲೇಷನ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಪತ್ರಿಕೆಗಳಲ್ಲಿ ‘ಅಣಕು ಮತದಾನ’, ‘ಅಣಕು ಕಾರ್ಯಾಚರಣೆ’ ರೂಢಿಯಾಗಿವೆ. ಅದೇ ಜಾಡಿನಲ್ಲಿ ‘ಅಣಕು ರೋಗಿ’ ಅಂತ ಬರೆದಿದ್ದೆ. ಕರಡು ಓದಿದ ಹಿರಿಯ ಸಿಸ್ಟರ್ ಒಬ್ಬರು, “ಸಾಯೋರನ್ನ ಆಡ್ಕೊಂಡಂಗೆ ಕೇಳ್ಸುತ್ತೆ ಮೇಡಂ” ಅಂದರು. ಅವತ್ತೇ ಹೊಡೆದುಹಾಕಿದೆ. ‘ಅನುಕರಣೆ’ ಅಂದರೆ ನಕಲು ಅನ್ನಿಸುತ್ತದೆ. ‘ಸೋಗು’ ಮೋಸದ ಕಡೆಗೇ ವಾಲುತ್ತದೆ.

ತರಗತಿಯಲ್ಲಿ ನಡೆಯುವುದನ್ನು ಹೇಳುತ್ತೇನೆ. ಮಂಚದ ಮೇಲೆ ಬೊಂಬೆ, ಪಕ್ಕದಲ್ಲಿ ಮಗಳ ಪಾತ್ರದವಳು. “ಅಪ್ಪ ಯಾವಾಗ ಮನೆಗೆ ಬರ್ತಾರೆ ಸಿಸ್ಟರ್?” ಕಲಿಯುವ ಹುಡುಗಿ ಡ್ರಿಪ್ ಸರಿಮಾಡುತ್ತಾ “ಡಾಕ್ಟ್ರನ್ನ ಕೇಳಿ” ಅಂದು ಬೆನ್ನು ತಿರುಗಿಸುತ್ತಾಳೆ. ಅಲ್ಲಿಗೆ ನಿಲ್ಲಿಸಿ, ಎಲ್ಲರೂ ಕೂತು ಮಾತಾಡಿ, ಮತ್ತೆ ಮೊದಲಿಂದ. ಎರಡನೇ ಸಲ ಅವಳು ಸ್ಟೂಲ್ ಎಳೆದುಕೊಂಡು ಕೂತಳು. “ಇಲ್ಲೀವರೆಗೂ ನಿಮಗೆ ಏನು ಹೇಳಿದ್ದಾರಮ್ಮಾ?” ಅಂದು ಸುಮ್ಮನಾದಳು. ಸಂಸ್ಕೃತದಲ್ಲಿ ‘ಶುಶ್ರೂಷೆ’ಗೆ ಕೇಳಿಸಿಕೊಳ್ಳುವ ಇಚ್ಛೆ ಅನ್ನುವುದೇ ಮೂಲದ ಅರ್ಥ. ಎಷ್ಟೋ ವರ್ಷ ಪಾಠ ಹೇಳಿದ ಪದ ನನಗೆ ಕಣ್ಣಿಗೆ ಕಂಡದ್ದು ಆ ಸ್ಟೂಲ್ ಎಳೆದ ಗಳಿಗೆಯಲ್ಲಿ.

ಈಗ ಮನಸ್ಸು ‘ತಾಲೀಮು’ ಕಡೆ ಇದೆ. ಅರಬ್ಬಿಯಲ್ಲಿ ಕಲಿಸುವುದು ಅಂತ ಅರ್ಥ. ಮೈಸೂರಿನಲ್ಲಿ ದಸರೆಗೆ ಮುಂಚೆ ಆನೆಗಳ ಬೆನ್ನಿಗೆ ಮರಳಿನ ಮೂಟೆ ಹೊರಿಸಿ, ಆಮೇಲೆ ಮರದ ಅಂಬಾರಿ ಕಟ್ಟಿ ನಡೆಸುತ್ತಾರಲ್ಲ, ಅದಕ್ಕೆ ನಾವು ಅನ್ನುವುದು ತಾಲೀಮು. ಅಂಬಾರಿ ಚಿನ್ನದ್ದಲ್ಲ, ಆದರೆ ಭಾರ ನಿಜ. ಸುಮಾರು 750 ಕಿಲೋ ಏರುವ ದಿನಕ್ಕೆ ಬೆನ್ನು ಒಗ್ಗಿರಬೇಕು. ನಮ್ಮ ಹುಡುಗಿಯರಿಗೂ ಬೇಕಾದದ್ದು ಅದೇ. ಆ ಮಗಳ ಪ್ರಶ್ನೆಯ ಭಾರ ವಾರ್ಡಿನಲ್ಲೇ ಮೊದಲ ಸಲ ಬೀಳಬಾರದು.

ಒಂದು ತೊಡಕಿದೆ. ಇಂಜೆಕ್ಷನ್ ಚುಚ್ಚುವ ಅಭ್ಯಾಸವೂ ತಾಲೀಮೇ ಆಗಿಬಿಡುತ್ತದೆ. ‘ಸನ್ನಿವೇಶ ತಾಲೀಮು’ ಅಂದರೆ ಸಾಕೇ? ಇನ್ನೊಂದು, ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ 1963ರಲ್ಲೇ ರೋಗಿಯ ಪಾತ್ರಕ್ಕೆ ಜನರನ್ನು ತಯಾರು ಮಾಡಿ ಪಾಠಕ್ಕೆ ಬಳಸಿದರು. ಹಾಗೆ ಪಾತ್ರ ವಹಿಸುವವರನ್ನು ‘ಪಾತ್ರರೋಗಿ’ ಅನ್ನಬಹುದೇ?

ಧಾರವಾಡ, ಬೆಳಗಾವಿ ಕಡೆಯವರು ದಯವಿಟ್ಟು ತಿಳಿಸಿ. ತಾಲೀಮು ಅಂದಕೂಡಲೇ ನಿಮಗೆ ಕುಸ್ತಿಯ ಗರಡಿಯೇ ಕಣ್ಣಿಗೆ ಬರುತ್ತದೆಯೇ? ನಮ್ಮ ಕಾಲೇಜಿನಲ್ಲಿ ಆ ಕಡೆಯ ಮಕ್ಕಳೂ ಇದ್ದಾರೆ.